ನಾಲ್ಕು ಕೋಳಿ, ಒಂದು ಬೆನ್ನು

ಕ್ಷೌರಿಕನಿಗೆ ಆ ದಿನದ ಮೊದಲ ಕಡಿತ ಬಿದ್ದಾಗ ಅವನ ಕೈಯಲ್ಲಿ ಕತ್ತಿಯಿತ್ತು, ಕತ್ತಿಯ ಕೆಳಗೆ ಹೆಡ್‌ಮಾಸ್ತರರ ಎಡಗೆನ್ನೆಯಿತ್ತು.

ಅವನು ಕೆರೆದುಕೊಳ್ಳಲಿಲ್ಲ. ಎರಡನೆಯದನ್ನೂ ಹಲ್ಲು ಕಚ್ಚಿ ತಡೆದ. ಮೂರನೆಯದಕ್ಕೆ ಕತ್ತಿ ಹಿಡಿದ ಕೈಯೇ ಬೆನ್ನಿಗೆ ಹೋಯಿತು. ಕನ್ನಡಿಯಲ್ಲಿ ಅದನ್ನು ಕಂಡ ಹೆಡ್‌ಮಾಸ್ತರರು ಬಲಗೆನ್ನೆಯ ನೊರೆಯೊಂದಿಗೇ ಎದ್ದರು.

"ನಿಂಗೇನೋ ಅಂಟ್ಕೊಂಡಿದೆ ಕಣಯ್ಯಾ. ವಾಸಿಯಾದ್ಮೇಲೆ ಈ ಕೆನ್ನೆಗೆ ಬರ್ತೀನಿ."

ಬೆಂಚಿನಲ್ಲಿ ಕಾಯುತ್ತಿದ್ದ ಇಬ್ಬರೂ ಪುರಾಣ ಮುಗಿಯಿತೆಂಬಂತೆ ಎದ್ದು ಅವರ ಹಿಂದೆ ನಡೆದರು. ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ಅದು ಎರಡು ದಿನ ಖಾಲಿ ಬಿದ್ದರೆ ಸಾಕು, ಗಿರಾಕಿಗಳು ಬಸ್ ನಿಲ್ದಾಣದ ಹೊಸ ಸಲೂನಿಗೆ ಒಗ್ಗಿಕೊಳ್ಳುತ್ತಾರೆ. ಆಮೇಲೆ ಅವರ ತಲೆ ಈ ಕಡೆ ತಿರುಗುವುದಿಲ್ಲ.

ಪಕ್ಕದಂಗಡಿಯ ದರ್ಜಿ, ಕರೆಯದೆ ಬರುವುದರಲ್ಲಿ ನೆಗಡಿಯಂಥವನು, ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ಕ್ಷೌರಿಕನ ಅಂಗಿ ಎತ್ತಿ, ಬೆನ್ನನ್ನು ಥಾನಿನ ಬಟ್ಟೆಯಂತೆ ಬೆಳಕಿಗೆ ತಿರುಗಿಸಿ ನೋಡಿ, ಸೂಜಿಯ ತುದಿಯಿಂದ ಒಂದು ಕೆಂಪು ಚುಕ್ಕೆ ಎತ್ತಿದ. ಚುಕ್ಕೆ ನಡೆಯಿತು.

"ಕೋಳಿ ಹೇನು! ಹಿತ್ತಲಲ್ಲಿ ನಾಕು ಕೋಳಿ ಕಟ್ಕೊಂಡು ಮೆರೀತಿದ್ದೆಯಲ್ಲ, ಅನುಭವಿಸು."

"ಈಗೇನ್ ಮಾಡ್ಲಣ್ಣಾ?"

"ಕೋಳಿ ಹೋದ್ರೆ ಹೇನೂ ಹೋಗುತ್ತೆ. ಮರ ಕಡಿದ್ಮೇಲೆ ಮಂಗ ಎಲ್ಲಿ ಕೂತ್ಕೊಳ್ಳುತ್ತೆ? ತಾ, ನಾನಿಟ್ಕೋತೀನಿ. ನಿನ್ನ ಕಷ್ಟ ನೋಡೋಕಾಗಲ್ಲ."

ಕಷ್ಟ ನೋಡಲಾಗದವನು ಕೋಳಿಗಳ ಜೊತೆ ಅವುಗಳ ಕೆಳಗಿದ್ದ ಮೊಟ್ಟೆಗಳನ್ನೂ ಒಯ್ದ.

ಮಧ್ಯಾಹ್ನದ ಹೊತ್ತಿಗೆ ಕ್ಷೌರಿಕ ಬಾಗಿಲ ಚೌಕಟ್ಟಿಗೆ ಬೆನ್ನುಜ್ಜುತ್ತ, ಎಮ್ಮೆಯ ಬಾಳನ್ನು ಒಳಗಿನಿಂದ ಅರಿತುಕೊಳ್ಳುತ್ತಿದ್ದ. ಆಗ ದನದ ಡಾಕ್ಟರು ಕ್ರಾಪಿಗೆ ಬಂದರು. ಅಂಥ ಮೈಯುಜ್ಜಾಟ ನೋಡಿ ಹೆದರದೆ ಕೂತವರು ಅವರೊಬ್ಬರೇ.

"ಕೋಳಿ ಎಲ್ಲಿ?"

"ಕೊಟ್ಬಿಟ್ಟೆ ಸಾರ್."

"ಭೇಷ್! ಹೇನು ವಾಸ ಮಾಡೋದು ಗೂಡಿನ ಬಿರುಕಲ್ಲಿ ಕಣೋ. ಕೋಳಿ ಅದಕ್ಕೆ ಊಟದ ಮನೆ. ಅದನ್ನೇ ಮುಚ್ಚಿಬಿಟ್ಯಲ್ಲ, ಈಗ ಅಷ್ಟೂ ಸಂಸಾರ ನಿನ್ನ ಮೇಲೆ."

"ಗೂಡು ಸುಟ್ಬಿಡ್ಲಾ?"

"ಅಷ್ಟರಲ್ಲಿ ನಿನ್ನ ಗೋಡೆ ಸೇರಿರುತ್ತೆ. ಗೋಡೆ ಸುಡ್ತೀಯಾ? ಮೊದ್ಲು ಕೋಳಿ ವಾಪಸ್ ತಾ. ಹೇನಿಗೆ ಅದು ಸಿಕ್ಕಿದ್ರೆ ನಿನ್ನ ಕೇಳೋರಿಲ್ಲ. ಮಿಕ್ಕಿದ್ದು ಆಮೇಲೆ ನೋಡೋಣ."

ಕ್ಷೌರಿಕ ದರ್ಜಿಯ ಮನೆಗೆ ಓಡಿದ.

"ಕೊಟ್ಟ ಕೋಳೀನ ಯಾರಾದ್ರೂ ವಾಪಸ್ ಕೇಳ್ತಾರೇನಯ್ಯಾ?" ದರ್ಜಿ ಬಾಗಿಲಿಗೆ ಅಡ್ಡ ನಿಂತ. "ಮಕ್ಕಳು ಆಗ್ಲೇ ಹೆಸರಿಟ್ಟಿದಾರೆ."

ಕ್ಷೌರಿಕ ಕಾಡಿದ, ಬೇಡಿದ, ಬೆನ್ನು ತೋರಿಸಿದ. ಕೊನೆಗೆ ದರ್ಜಿಗೂ ಅವನ ಮೂವರು ತಮ್ಮಂದಿರಿಗೂ ಬದುಕಿರುವವರೆಗೆ ಪುಕ್ಕಟೆ ಕ್ಷೌರವೆಂದು ಮಾತಾಯಿತು. ಕೋಳಿಗಳು ಕಂಕುಳಿಗೆ ಬಂದವು. ಅವುಗಳಿಂದ ಏನೋ ಘಾಟು ಹೊಡೆಯುತ್ತಿತ್ತು.

"ಬರಿಗೈಲಿ ಕಳಿಸ್ತಿಲ್ಲ ನಿನ್ನ," ಎಂದ ದರ್ಜಿ, ದಾನಿಯ ಮುಖ ಮಾಡಿ. "ಮಕ್ಕಳಿರೋ ಮನೆ ಅಂತ ಬೆಳಗ್ಗೇನೇ ಪುಡಿ ತಂದು, ಒಂದೊಂದು ರೆಕ್ಕೇನೂ ಎತ್ತೆತ್ತಿ ಹಚ್ಚಿದೀನಿ. ಇನ್ನು ಮೂರು ತಿಂಗಳು ಒಂದೇ ಒಂದು ಹೇನು ಇವುಗಳ ಹತ್ರ ಸುಳಿದ್ರೆ ನನ್ನ ಕೇಳು."

ಸಂಜೆ ಕೋಳಿಗಳು ಗೂಡು ಸೇರಿ, ರೆಕ್ಕೆಯೊಳಗೆ ತಲೆ ತೂರಿಸಿ, ಒಂದಿಷ್ಟೂ ಮಿಸುಕದೆ ನಿದ್ದೆಹೋದವು. ಕ್ಷೌರಿಕ ಆ ಪುಣ್ಯವಂತ ಜೀವಗಳನ್ನು ನೋಡುತ್ತ ಗೋಡೆಗೊರಗಿ ನಿಂತ. ಗೋಡೆಯೊಳಗಿನವರಿಗೆ ಊಟದ ಹೊತ್ತಾಗಿತ್ತು.