ಅಪ್ಪನ ದನಿಗೆ ಬರೆದ ಪ್ರೋಗ್ರಾಮು

ಹೇಳಿಕೊಡುವವರಿಲ್ಲದೆ ಕಂಪ್ಯೂಟರ್ ಕಲಿಯಲು ಹೊರಟವರ ಮನೆಯಲ್ಲಿ ಏನಾದರೊಂದು ನಗೆಪಾಟಲು ಆಗುತ್ತಲೇ ಇರುತ್ತದೆ. ಮನೆಮಂದಿ ಅಳುತ್ತ ಕೂತಿದ್ದರೂ ಅದು ಬಿಡುವುದಿಲ್ಲ. ನಮ್ಮಲ್ಲಂತೂ ಬಿಡಲಿಲ್ಲ.

ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಕುರುಗೋಡಿನಿಂದ ಬಳ್ಳಾರಿಗೆ ಇಪ್ಪತ್ತು ವರ್ಷ ಓಡಾಡಿದವನು. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಅವನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಬರೆದು ತೋರಿಸು ಅಂದರೆ ಅವನಿಗೆ ಅಕ್ಷರ ನಿಧಾನ. ಒಂದು ಸಾಲು ಮುಗಿಯುವಷ್ಟರಲ್ಲಿ ಸಿಟ್ಟು ಬಂದು ಪೆನ್ನು ಎಸೆಯುತ್ತಿದ್ದ. ಚಿತ್ರವಿರುವ ಗುಂಡಿ ಒತ್ತಿದರೆ ಫೋನೇ ಮಾತಾಡುವಂಥದ್ದೊಂದು ಮಾಡಬೇಕು ಅಂತ ನನ್ನ ತಲೆಗೆ ಹೊಕ್ಕಿತು. ನಾನು ಓದುತ್ತಿದ್ದದ್ದು ಆರ್ಟ್ಸ್. ಪ್ರೋಗ್ರಾಮಿಂಗ್ ಅನ್ನುವ ಪದದ ಹೊರತು ಬೇರೇನೂ ಗೊತ್ತಿರಲಿಲ್ಲ.

೧. ಎಂಥಾ ಪ್ರೋಗ್ರಾಮು?

ಬಸ್‌ಸ್ಟ್ಯಾಂಡ್ ಹತ್ತಿರ ಅರ್ಜಿ ತುಂಬುವ, ಮದುವೆ ಕಾರ್ಡು ಪ್ರಿಂಟ್ ಮಾಡುವ ಒಂದು ಅಂಗಡಿ ಇತ್ತು. ಅಲ್ಲಿಗೆ ಹೋಗಿ, "ಅಣ್ಣಾ, ಒಂದು ಪ್ರೋಗ್ರಾಮ್ ಮಾಡೋದೈತ್ರಿ" ಅಂದೆ.

ಅಂಗಡಿಯವನು ತಲೆ ಎತ್ತದೆ, "ಮದುವಿದೋ, ನಾಮಕರಣದ್ದೋ?" ಅಂದ.

"ಅಲ್ರೀ, ಅಪ್ಪಂದು."

"ಓ, ಷಷ್ಟಿಪೂರ್ತಿ! ಅಪ್ಪಾಜಿದೊಂದು ಚಲೋ ಫೋಟೋ ತಂದೀಯೇನವಾ?"

ಅಪ್ಪನಿಗೆ ಮಾತು ಹೋಗಿದೆ, ಅವನ ಬದಲು ಫೋನು ಮಾತಾಡುವ ಹಾಗೆ ಕಂಪ್ಯೂಟರಿನಲ್ಲಿ ಬರೆಯಬೇಕು ಅಂತ ಹೇಗೋ ಹೇಳಿದೆ. ಅವನಿಗೆ ಅಪ್ಪನ ಗುರುತಿತ್ತು. ಎದ್ದು ಮೂಲೆಯ ಕಂಪ್ಯೂಟರಿನ ಧೂಳು ಒರೆಸಿಕೊಟ್ಟ. ಆಮೇಲೆ ಮೂರು ತಿಂಗಳು ದಿನಾ ಸಂಜೆ ನನಗೆ ಅದೇ ಜಾಗ. ಬಂದ ಗಿರಾಕಿಗಳು ಯಾರಿವಳು ಅಂತ ಕೇಳಿದರೆ ಗಂಭೀರವಾಗಿ ಹೇಳುತ್ತಿದ್ದ: "ಅಕಿ ಪ್ರೋಗ್ರಾಮ್ ಮಾಡಾಕತ್ತಾಳ. ಊಟ ಇಲ್ಲ, ಹೋಗ್ರಿ."

೨. ಹದಿನೇಳು ಮಂದಿ

ಆಗ ಅಪ್ಪನನ್ನು ನೋಡಲು ಸಿರಿಗೇರಿ, ದೇಶನೂರಿನಿಂದೆಲ್ಲ ನೆಂಟರು ಬರುತ್ತಿದ್ದರು. ಬಂದವರು ಕಣ್ಣೊರೆಸಿಕೊಂಡು ಕೂರುವರು. ಅಜ್ಜಿ, ಅಂದರೆ ಅಪ್ಪನ ತಾಯಿ, ಎಲ್ಲರಿಗೂ ಚಾ ಕಾಯಿಸುವಳು. ಅವಳ ಕಿವಿ ಸ್ವಲ್ಪ ಮಂದ.

ಒಂದು ದಿನ ನಾನು ಮನೆಯಲ್ಲಿ ಫೋನಿನಲ್ಲೇ ಬರೆದು ನೋಡುತ್ತಿದ್ದೆ. ಎಷ್ಟು ತಿದ್ದಿದರೂ ತಪ್ಪು ಅಂತ ಕೆಂಪು ಅಕ್ಷರ. ಸಿಟ್ಟಿಗೆ ಅಳುವೇ ಬಂತು.

"ಯಾಕ ಅಳ್ತೀಯವಾ?" ಅಂದಳು ಅಜ್ಜಿ.

"ಎರರ್ ಬಂದಾವಜ್ಜಿ!"

"ಯಾರ್ಯಾರು ಬಂದಾರ?"

"ಎರರ್ ಅಜ್ಜಿ, ಎರರ್! ಹದಿನೇಳು!"

ಅಜ್ಜಿ ಒಲೆಯ ಕಡೆ ಓಡಿದಳು. "ಹದಿನೇಳು ಮಂದಿನಾ? ಅಯ್ಯ ಶಿವನೇ, ಹಾಲು ಅರ್ಧ ಲೀಟರೂ ಇಲ್ಲಲ್ಲವಾ! ಕುಂದ್ರಿಸು, ಕರೇ ಚಾನರ ಮಾಡ್ತೀನಿ."

೩. ಅಕಿ ಯಾರು?

ಕಡೆಗೂ ಪ್ರೋಗ್ರಾಮು ಓಡಿತು. ಆದರೆ ಫೋನಿನ ಕನ್ನಡ ದನಿ ಹೆಣ್ಣಿನದು. ಅಪ್ಪ ತಟ್ಟೆಯ ಚಿತ್ರ ಒತ್ತಿದ. ಫೋನು ರೇಡಿಯೋದವರ ಹಾಗೆ, "ನನಗೆ ತುಂಬಾ ಹಸಿವಾಗಿದೆ" ಅಂದಿತು.

ಅಡುಗೆಮನೆಯಿಂದ ಅವ್ವ ಸೌಟು ಹಿಡಿದೇ ಬಂದಳು. "ಯಾರಕಿ? ನಮ್ಮನ್ಯಾಗ ಕುಂತು ಹಸಿವಂತಾಳ?"

ಅಪ್ಪ ಫೋನು ಎತ್ತಿ ತೋರಿಸಿದ. ಅವ್ವ ಅಲ್ಲೇ ಕುಸಿದು ಕೂತಳು. "ಬ್ಯಾಡವಾ, ಯಾರೋ ಹೆರವರ ದನಿ ಬ್ಯಾಡ" ಅಂತ ಅತ್ತಳು. ಅಪ್ಪನ ದನಿಯದು ಒಂದು ತುಣುಕೂ ನಮ್ಮ ಬಳಿ ಇರಲಿಲ್ಲ. ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಮನೆ ತುಂಬ ಕೇಳಿಸುತ್ತಿದ್ದ ದನಿಯನ್ನು ಯಾರು ತೆಗೆದಿಡುತ್ತಾರೆ?

ಹಾಗಾಗಿ ಎಲ್ಲ ಮಾತನ್ನೂ ನನ್ನ ದನಿಯಲ್ಲೇ ತುಂಬಿಸಿದೆ. ಮರುದಿನ ಅಪ್ಪ ಚೊಂಬಿನ ಚಿತ್ರ ಒತ್ತಿದ. "ನೀರು ಕೊಡು" ಅಂದಿತು ಫೋನು, ನನ್ನ ದನಿಯಲ್ಲಿ.

ಒಳಗಿನಿಂದ ಅವ್ವ ಗುಡುಗಿದಳು: "ನಿನಗ ಕಾಲಿಲ್ಲೇನ ಹುಡುಗಿ? ಎದ್ದು ಬಂದು ಕುಡಿ!"

೪. ಸೊನ್ನೆಯಿಂದ ಎಣಿಸಬೇಕು

ಆಪರೇಷನ್ ಆದ ಆರು ತಿಂಗಳ ನಂತರ ತಪಾಸಣೆಗೆ ಬಳ್ಳಾರಿಗೆ ಹೋದೆವು. ಡಾಕ್ಟರ ಮುಂದೆ ಅಪ್ಪ ತಾನೇ ಮಾತಾಡಲಿ ಅಂತ ಹಿಂದಿನ ದಿನವಷ್ಟೇ ಐದು ಗುಂಡಿಗಳನ್ನು ಹೊಸದಾಗಿ ಜೋಡಿಸಿದ್ದೆ: ಹೌದು, ಇಲ್ಲ, ನೀರು, ಸಾಕು, ಚಾ. ಒತ್ತಿ ನೋಡಿರಲಿಲ್ಲ.

"ನೋವು ಐತೇನ್ರಿ?" ಡಾಕ್ಟರು ಕೇಳಿದರು. ಅಪ್ಪ "ಇಲ್ಲ" ಒತ್ತಿದ. ಫೋನು "ನೀರು ಕೊಡು" ಅಂದಿತು. ನರ್ಸು ನೀರು ತಂದಳು.

"ಊಟ ಸೇರ್ತೈತೇನು?" ಅಪ್ಪ "ಹೌದು" ಒತ್ತಿದ. ಫೋನು "ಇಲ್ಲ" ಅಂದಿತು. ಅಪ್ಪ ನನ್ನ ಮುಖ ನೋಡಿದ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ, ನಾನು ಒಂದರಿಂದ ಎಣಿಸಿದ್ದೆ. ಎಲ್ಲ ಮಾತೂ ಒಂದೊಂದು ಮನೆ ಮುಂದೆ ಸರಿದಿದ್ದವು.

ಹೇಳಬೇಕೆನ್ನುವಷ್ಟರಲ್ಲಿ ಡಾಕ್ಟರು ಸ್ಕ್ಯಾನ್ ಹಾಳೆ ತೆಗೆದರು. ಗಡ್ಡೆ ಮತ್ತೆ ಬಂದಿದೆ, ಎದೆಗೂ ಇಳಿದಿದೆ, ಇನ್ನು ಕೊಯ್ಯುವಂತಿಲ್ಲ ಅಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಇನ್ನೂ ವಿವರಿಸುತ್ತಲೇ ಇದ್ದರು. ಅಪ್ಪ "ಸಾಕು" ಒತ್ತಿದ.

"ಚಾ ಕೊಡು" ಅಂದಿತು ಫೋನು.

ಡಾಕ್ಟರು ಮಾತು ನಿಲ್ಲಿಸಿದರು. ಗಂಟೆ ಒತ್ತಿ ನಾಲ್ಕು ಚಾ ತರಿಸಿದರು. ಎಲ್ಲರೂ ಕುಡಿದೆವು. ಕಪ್ಪು ಕೆಳಗಿಡುತ್ತ ಅವರೆಂದರು: "ಇಷ್ಟು ವರ್ಷದಾಗ ಇಂಥಾ ಸುದ್ದಿ ಕೇಳಿ ಚಾ ಕೇಳಿದವರು ನೀವೊಬ್ರೇ ನೋಡ್ರಿ, ಯಜಮಾನ್ರೇ."

೫. ಕಂಡಕ್ಟರ್ ಅಂದ್ರ

ಅಪ್ಪ ಹೋಗಿ ಈಗ ಎರಡು ವರ್ಷ. ಹೋಗುವುದಕ್ಕೆ ಹದಿನೈದು ದಿನ ಮುಂಚೆ, ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗು ಅಂತ ಸನ್ನೆ ಮಾಡಿದ. ಮೈ ಸೊರಗಿ ಅಂಗಿ ಜೋತಾಡುತ್ತಿತ್ತು. ಅವನ ಜೊತೆ ದುಡಿದ ಡ್ರೈವರ್ ಈಗ ಸಿರುಗುಪ್ಪದ ಬಸ್ಸಿನಲ್ಲಿದ್ದ. ಅಪ್ಪನನ್ನು ಕಂಡು ಓಡಿ ಬಂದು ಅಪ್ಪಿಕೊಂಡ. ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿ, "ಅಣ್ಣಾ, ಒಮ್ಮೆ ಕೂಗು" ಅಂದ.

ಅಪ್ಪನಿಗಾಗಿ ನಾನು ಒಂದೇ ಒಂದು ಕೂಗು ಮಾಡಿಟ್ಟಿದ್ದೆ. ಅವನು ಅದನ್ನೇ ಒತ್ತಿದ. ಫೋನಿಗೆ ಡ್ರೈವರನ ಸಣ್ಣ ಸ್ಪೀಕರ್ ಜೋಡಿಸಿದ್ದೆವು.

"ಬಳ್ಳಾರಿ! ಬಳ್ಳಾರಿ! ಬಳ್ಳಾರಿ!"

ಮೂರು ಸಲ ಕೂಗಿ ನಿಲ್ಲಬೇಕಿತ್ತು. ಎಷ್ಟು ಸಲ ಕೂಗಿತೆಂದು ಎಣಿಸುವ ಸಾಲನ್ನು ಪ್ರೋಗ್ರಾಮಿನಲ್ಲಿ ಬರೆಯಲು ಮರೆತಿದ್ದೆ. ಫೋನು ನಿಲ್ಲಲೇ ಇಲ್ಲ. ಸ್ಕ್ರೀನು ಎಷ್ಟು ಒತ್ತಿದರೂ ಕದಲದೆ ನಿಂತುಬಿಟ್ಟಿತ್ತು, ಆರಿಸಲೂ ಆಗುತ್ತಿರಲಿಲ್ಲ. ಮಂದಿ ಚೀಲ ಎಸೆದು ಸೀಟು ಹಿಡಿದರು. ಎರಡು ನಿಮಿಷದಲ್ಲಿ ಸಿರುಗುಪ್ಪದ ಬಸ್ಸು ಬಳ್ಳಾರಿಗೆ ಹೋಗುವವರಿಂದ ತುಂಬಿ ಹೋಯಿತು.

ಡ್ರೈವರ್ ಸ್ಪೀಕರ್ ಕಿತ್ತು, "ಇಳೀರಿ, ಇದು ಸಿರುಗುಪ್ಪದ್ದು!" ಅಂತ ಕಿರುಚಿದ. ಮಂದಿ ಬೈಯುತ್ತ ಇಳಿದರು. ಕೊನೆಗೆ ಉಳಿದವಳು ತರಕಾರಿ ಬುಟ್ಟಿಯ ಒಬ್ಬ ಮುದುಕಿ. ಮೇಲಿನ ಮೆಟ್ಟಿಲಲ್ಲಿ ನಿಂತು ಅಪ್ಪನನ್ನು ಏಳು ತಲೆಮಾರು ಹಿಡಿದು ಬೈದಳು. ಅಪ್ಪ ಕೈ ಮುಗಿದ. ಎರಡನೇ ಮೆಟ್ಟಿಲಲ್ಲಿ ಮತ್ತೆ ಬೈದಳು. ಅಪ್ಪ ಮತ್ತೆ ಕೈ ಮುಗಿದ. ಬೈಗಳು ಮುಗಿದ ಮೇಲೆ ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ಕೆಳಗಿಳಿದು, ಬುಟ್ಟಿ ತಲೆಗೇರಿಸಿಕೊಂಡು, ನಮ್ಮ ಡ್ರೈವರನ ಕಡೆ ಬೆರಳು ತೋರಿಸಿ ಅಂದಳು:

"ನೋಡಿ ಕಲಿ! ಇಷ್ಟು ಬೈದೆ, ತಿರುಗಿ ಒಂದು ಮಾತಾಡಿದನಾ? ಕಂಡಕ್ಟರ್ ಅಂದ್ರ ಹಿಂಗಿರಬೇಕು!"