ಸತ್ತ ಕುರಿಯ ಬಾಣಂತನ

ನನ್ನ ಮೊಮ್ಮಗನಷ್ಟು ಕುರಿ ಕಾಯುವವನು ಸುರಪುರದ ಸುತ್ತಮುತ್ತ ಇನ್ನೊಬ್ಬನಿಲ್ಲ. ಒಂದು ಕುರಿಯನ್ನೂ ಮುಟ್ಟಿದವನಲ್ಲ, ಆ ಮಾತು ಬೇರೆ! ಕುರಿ ಹತ್ತಿರ ಬಂದು ಮೂಸಿದರೆ ಸಾಕು, ಕಟ್ಟೆ ಹತ್ತಿ ನಿಲ್ಲುತ್ತಾನೆ. ಶಹಾಪುರದ ಕುರಿಗಾರರ ಸಂಘದಲ್ಲಿ ಕೂತು ಹಳ್ಳಿಹಳ್ಳಿಯ ಕುರಿಗಳನ್ನು ಕಂಪ್ಯೂಟರಿನಲ್ಲೇ ಕಾಯುತ್ತಾನೆ. ಆ ಪ್ರೋಗ್ರಾಂ ಬರೆದವನೂ ಅವನೇ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಇದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ಹೇಳಬಾರದೆ?

ಈ ಸಲ ಯಾವ ಯಾವ ಕುರಿ ಈದಿವೆ ಎಂದು ಅವನು ಕಂಪ್ಯೂಟರನ್ನು ಕೇಳಿದನಂತೆ. ಅದು ಎಂದೋ ಸತ್ತ ಕುರಿಗಳನ್ನೂ ತೋರಿಸಿತಂತೆ! ನಮ್ಮ ಕರಿಕುರಿಯೂ ಅದರಲ್ಲಿತ್ತು. ಸಂಘದ ಹಿರಿಯರು ಮೊದಲು ನಕ್ಕರು. ಆಮೇಲೆ, ಬರುವ ಸಂಘದ ಸಭೆಯ ಹೊತ್ತಿಗೆ ಇದು ಸರಿಯಾಗದಿದ್ದರೆ ಈ ಪೆಟ್ಟಿಗೆಯೂ ಬೇಡ, ನೀನೂ ಬೇಡ ಎಂದರು.

ಅಂದಿನಿಂದ ಮನೆಯಲ್ಲೂ ತನಿಖೆ. ಪುಂಡಿಪಲ್ಯೆ ಉಪ್ಪಾಗಿದ್ದರೆ ಸುಮ್ಮನೆ ತಿನ್ನಬೇಕಪ್ಪ. ಉಪ್ಪು ಯಾವಾಗ ಹಾಕಿದೆ, ಅದಕ್ಕೂ ಮೊದಲು ಹೇಗಿತ್ತು, ಒಂದೊಂದೇ ಬಿಟ್ಟು ಮತ್ತೆ ಮಾಡಿ ನೋಡು ಎಂದ.

"ಮೊದಲ ನಿನ್ನ ಬಿಟ್ಟು ಮಾಡತೀನಿ," ಎಂದೆ.

ಏನೂ ಹೊಳೆಯದೆ ಕೊನೆಗೆ ಹಟ್ಟಿಗೇ ಬಂದ. ಮೂಗು ಮುಚ್ಚಿಕೊಂಡು ಕುರಿಗಳ ಕಿವಿಯ ಹಳದಿ ಬಿಲ್ಲೆ ಓದತೊಡಗಿದ. ಮರಿಗೆ ಹಾಲೂಡುತ್ತಿದ್ದ ಒಂದು ಕುರಿಯ ಮುಂದೆ ನಿಂತವನು ಕಟ್ಟೆ ಹತ್ತುವುದನ್ನೇ ಮರೆತ.

"ಆಯಿ, ಇದು ಸತ್ತ ಕರಿಕುರಿ ನಂಬರಲ್ಲಾ?"

"ಹೌದೋ. ಅದರ ಮಗಳಿದು. ಅವ್ವ ಹೋದ ಮ್ಯಾಲ ಅವ್ವನ ಬಿಲ್ಲಿ ಮಗಳಿಗೇ ಹಾಕತೀವಿ. ಹೆಸರು ಉಳೀಬೇಕಲ್ಲ."

ಬೈಯುತ್ತಾನೆ ಅಂದುಕೊಂಡೆ. ಕುರಿಯನ್ನೇ ತಬ್ಬಿಕೊಂಡ! "ತಪ್ಪು ನಂದ ಐತಿ, ಆಯಿ. ಪ್ರೋಗ್ರಾಂನ್ಯಾಗ ನಂಬರ್ ಒಂದೇ ಇದ್ರ ಜೀವಾನೂ ಒಂದೇ ಅಂತ ಬರದೀನಿ."

ಅದನ್ನು ತಿದ್ದಿದ. ಸಭೆಯಲ್ಲಿ ಕಂಪ್ಯೂಟರನ್ನು ಮತ್ತೆ ಕೇಳಿದಾಗ ಸತ್ತ ಕುರಿಗಳು ಸತ್ತೇ ಇದ್ದವು, ಈದವು ಮಾತ್ರ ಈದಿದ್ದವು. ಕುರಿಯುಳ್ಳವಳೆಂದು ನಾನೂ ಹೋಗಿದ್ದೆ. ಬೇರೆ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಖುಷಿಯಿಂದ ನನ್ನತ್ತ ತಿರುಗಿ, "ಏನವ್ವಾ, ನಿನ್ನ ಮೊಮ್ಮಗನ ಹೆಸರೇನು?" ಎಂದರು.

ಅಲ್ಲೇ ಸಿಕ್ಕಿಬಿದ್ದೆ ನೋಡಿ. ಅವನಿಗಿಟ್ಟಿರುವುದು ತೀರಿಹೋದ ನನ್ನ ಯಜಮಾನರ ಹೆಸರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೆ? ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು 'ಏ ಇವನ' ಎಂದೇ ಕರೆದವಳು ನಾನು. ಅವನು ನನ್ನನ್ನೇ ನೋಡುತ್ತಿದ್ದ.

ಹೇಳಿಬಿಟ್ಟೆ. ಪೂರಾ ಹೆಸರು, ಎಲ್ಲರಿಗೂ ಕೇಳುವಂತೆ.

ಅವನು ಮೆಲ್ಲಗೆ "ಓ" ಎಂದು ಓಗೊಟ್ಟ.