ಜಲಜಳ ಮನೆಯ ಹೊಸ ಮೀಟರು

ಸ್ಮಾರ್ಟ್ ಮೀಟರು ಕೂರಿಸಿದ ತಿಂಗಳೇ ಜಲಜಳ ಬಿಲ್ಲು ಮೂರು ಪಟ್ಟಾಯಿತು. ಹಳೆಯದರ ಚಕ್ರ ವರ್ಷಗಳಿಂದ ಕೆಸರಿನಲ್ಲಿ ಮಲಗಿದ ಎಮ್ಮೆಯಂತೆ ಅಲುಗಿರಲಿಲ್ಲ. ಹೊಸದು ಗಂಟೆಗಂಟೆಯ ಸುದ್ದಿಯನ್ನೂ ಮೊಬೈಲಿಗೆ ಕಳಿಸುತ್ತಿತ್ತು. ಅದರ ಪ್ರಕಾರ ಕರೆಂಟು ಹೆಚ್ಚು ಓಡುವುದು ಬೆಳಿಗ್ಗೆ ಏಳರಿಂದ ಎಂಟು. ಆ ಹೊತ್ತಿಗೆ ಒಂಟಿ ಹೆಂಗಸು ಜಲಜ ಮನೆಗೆ ಬೀಗ ಹಾಕಿ, ಬಂದರಿನಲ್ಲಿ ಮೀನಿನ ಹರಾಜಿಗೆ ನಿಂತಿರುತ್ತಾಳೆ.

ಪಕ್ಕದ ಮನೆಯ ಚೆನ್ನಯ್ಯನಿಗೆ ಇಷ್ಟು ಸಾಕಾಯಿತು. ತ್ರಾಸಿ ಊರಿನಲ್ಲಿ ಯಾರಿಗೆ ಅನ್ಯಾಯವಾದರೂ ಮೊದಲು ಮೇಲೇರುವುದು ಅವನ ಲುಂಗಿ. ಬಿಲ್ಲು ಕಟ್ಟಿದರಾಯಿತು, ಬಿಡಿ ಎಂದಳು ಜಲಜ. ಅವನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಅವಳನ್ನು ವ್ಯಾಪಾರಕ್ಕೂ ಕಳಿಸದೆ, ಏಳೂವರೆಗೆ ಲೈನ್‌ಮ್ಯಾನ್ ಪ್ರಖ್ಯಾತ್‌ನನ್ನು ಎಳೆದು ತಂದ. ಕೇರಿಯವರನ್ನೂ ಸಾಕ್ಷಿಗೆ ಕರೆದ.

"ಮನಿಯಂಗೆ ಒಂದ್ ಲೈಟ್ ಉರಿತಿಲ್ಲೆ. ಮೀಟರ್ ಓಡ್ತಿತ್ತ್ ಕಾಣಿ. ಇದೇ ನಿಮ್ಮ ಸ್ಮಾರ್ಟಾ?"

ಮೀಟರಿನ ತಪ್ಪಿಲ್ಲ, ಯಾರೋ ಇವರ ಲೈನಿನಿಂದ ಎಳೆಯುತ್ತಿದ್ದಾರೆ ಎಂದ ಪ್ರಖ್ಯಾತ್. ಚೆನ್ನಯ್ಯನ ಸಿಟ್ಟು ದಿಕ್ಕು ಬದಲಿಸಿತು. ಒಂಟಿ ಹೆಂಗಸಿನ ಕರೆಂಟು ಕದಿಯುವವನಿಗೆ ಮಾನವಿಲ್ಲ, ಅಂಥವನನ್ನು ಮದುವೆ ಮುಂಜಿಗೂ ಕರೆಯಬಾರದು ಎಂದು ಐದು ನಿಮಿಷ ಗುಡುಗಿದ. ಎಲ್ಲರೂ ತಲೆಯಾಡಿಸಿದರು. ಜಲಜ ಮಾತ್ರ ನೆಲ ನೋಡುತ್ತಿದ್ದಳು.

"ಬ್ಯಾಡ ಚೆನ್ನಯ್ಯಣ್ಣ. ಬಿಡಿ."

"ಹೆದರ್ಬ್ಯಾಡ. ನಾನ್ ಇದ್ದೆ ಅಲ್ದಾ?" ಎಂದವನೇ, ಯಾರ ಮನೆಯಲ್ಲಿ ಕರೆಂಟು ಹೋಗುತ್ತದೆಂದು ನೋಡಲು, ಅವಳ ಮೇನ್ ಸ್ವಿಚ್ಚನ್ನು ಕೆಳಗೆಳೆದ.

ಮೀಟರು ನಿಂತಿತು. ಜೊತೆಗೇ ಬೇಲಿಯಾಚೆ ಚೆನ್ನಯ್ಯನ ಬಾವಿಯ ಪಂಪೂ ನಿಂತಿತು.

ಅವನ ಬಚ್ಚಲಿನಿಂದ ಹೆಂಡತಿ ಸರೋಜ ಕೂಗಿದಳು. "ಹ್ವಾಯ್, ಪಂಪ್ ಎಂತಕ್ ನಿಲ್ಸಿದ್ರಿ? ತಲಿ ತುಂಬ ಸೋಪ್ ಇತ್ತ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಒಂಬತ್ತು ವರ್ಷದ ಹಿಂದೆ, ತನ್ನ ಹೊಸ ಮನೆಯ ಗೃಹಪ್ರವೇಶದ ಹೊತ್ತಿಗೆ ಕರೆಂಟು ಸಿಗದೆ, ಎರಡು ದಿನದ ಮಟ್ಟಿಗೆಂದು ಜಲಜಳ ಮನೆಯಿಂದ ಪಂಪಿಗೆ ವಯರು ಎಳೆದದ್ದು ಚೆನ್ನಯ್ಯನಿಗೆ ಆಗ ನೆನಪಾಯಿತು. ತನ್ನ ಬಿಲ್ಲು ಕಡಿಮೆ ಎಂದು ಊರಿಗೆಲ್ಲ ಮಿತವ್ಯಯದ ಪಾಠ ಹೇಳಿದ್ದೂ ನೆನಪಾಯಿತು.

"ನಿಂಗ್ ಗೊತ್ತಿತ್ತಾ?" ಎಂದು ಜಲಜಳನ್ನು ಕೇಳಿದ.

"ಈ ಮೀಟರ್ ಬಂದ್ಮೇಲೆ ಗೊತ್ತಾಯ್ತ್. ಹ್ಯಾಂಗ್ ಹೇಳೂದ್? ನಂಗೇ ನಾಚ್ಕಿ ಆಯ್ತ್."

ಪ್ರಖ್ಯಾತ್ ವಯರು ಕತ್ತರಿಸಿದ. ಲುಂಗಿ ಇಳಿಸಿ ನಿಂತ ಚೆನ್ನಯ್ಯನ ಎದುರಿಂದಲೇ ಜಲಜ ಒಳಗೆ ಹೋಗಿ, ಒಂದು ಕೊಡಪಾನ ನೀರು ಸೊಂಟಕ್ಕೇರಿಸಿಕೊಂಡು ಸರೋಜಳಿದ್ದ ಬಚ್ಚಲಿನ ಕಡೆಗೆ ಹೊರಟಳು. ಅವನು ಕೊಡಪಾನಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

"ನೀವ್ ಈಗ್ಲೇ ಒಳ್ಗ್ ಹೋಯ್ಬ್ಯಾಡಿ ಅಣ್ಣ. ಅಕ್ಕ ಬೈತ್ರ್."